ಊಟಿಯಲ್ಲಿ ಒಂದು ಹೊರೆ ಹುಲ್ಲು

ಚಿತ್ರದುರ್ಗದವರಿಗೆ ಊಟಿಯ ಅಗತ್ಯವೇನಿಲ್ಲ. ಜೋಗಿಮಟ್ಟಿಯನ್ನೇ ನಮ್ಮ ಊಟಿ ಅಂತ ಕರೆದುಕೊಂಡು, ಬೇಸಗೆಯ ಸಂಜೆ ಹತ್ತಿ ಹೋಗಿ, ಮಂಡಕ್ಕಿ ತಿಂದು, ತಂಪಾಯಿತು ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಇಳಿದು ಬರುತ್ತೇವೆ. ನಾನೂ ಅಷ್ಟರಲ್ಲೇ ಆಯುಸ್ಸು ಕಳೆಯುತ್ತಿದ್ದೆ. ನಿಜವಾದ ಊಟಿಗೆ ಹೋಗಿದ್ದು ಅಪ್ಪ ಮಾತು ಬಿಟ್ಟಿದ್ದರಿಂದ.

ಜಗಳ ಆಡಿ ಬಿಟ್ಟಿದ್ದಲ್ಲ. ಹಾಗಾಗಿದ್ದರೆ ಕಾಲು ಹಿಡಿದು ಸರಿ ಮಾಡಬಹುದಿತ್ತು. ನಮ್ಮ ಹಳ್ಳಿ ಮತ್ತೋಡಿನ ಸುತ್ತಲ ಬೀಳು, ಗುಡ್ಡಗಳಲ್ಲಿ ಜೀವಮಾನವೆಲ್ಲ ಕುರಿ ಹಿಂದೆ ನಡೆದವನು ಅಪ್ಪ. ಮಂಡಿ ಸೋತು, ಕಣ್ಣು ಮಂಜಾಗಿ, ಮಂದೆಯನ್ನು ಶ್ರೀರಾಂಪುರದ ಕಡೆಯ ನೆಂಟರಿಗೆ ಮಾರಿ ದುರ್ಗದ ನಮ್ಮ ಮನೆಗೆ ಬಂದ. ಬಂದವನು ಜಗಲಿಯ ಮೇಲೆ ಕಂಬಳಿ ಹೊದ್ದು ಕುಂತ. ಉಂಡ್ಯಾ ಅಂದರೆ ಹೂಂ. ನೋವೈತಾ ಅಂದರೆ ಊಹೂಂ. ದಿನ ಕಳೆದಂತೆ ಆ ಹೂಂ, ಊಹೂಂಗಳೂ ತಲೆ ಅಲ್ಲಾಡಿಸುವುದಕ್ಕೆ ಇಳಿದವು. ತಟ್ಟೆಯಲ್ಲಿ ಮುದ್ದೆ ಅರ್ಧ ಉಳಿಯತೊಡಗಿತು.

ಡಾಕ್ಟರು ಎದೆ, ಹೊಟ್ಟೆ, ಕಣ್ಣು ಎಲ್ಲ ನೋಡಿ, "ಏನೂ ಇಲ್ಲ. ಎಲ್ಲಾದ್ರೂ ಸುತ್ತಾಡಿಸ್ಕೊಂಡು ಬರ್ರಿ," ಅಂದರು. ಡಾಕ್ಟರು ಏನೂ ಇಲ್ಲ ಅಂದರೆ ಭಯಂಕರವಾದದ್ದೇ ಇರಬೇಕು ಅಂದುಕೊಳ್ಳುವ ಮನುಷ್ಯ ನಾನು. ಅವತ್ತಿಂದ ಬೆಳಗ್ಗೆ ಎದ್ದ ಕೂಡಲೆ ಜಗಲಿಗೆ ಹೋಗಿ ಉಸಿರಿಗೆ ಕಂಬಳಿ ಮೇಲೆ ಕೆಳಗೆ ಆಡುತ್ತಿದೆಯಾ ಅಂತ ನೋಡುವುದು ನನ್ನ ದಿನಚರಿಯಾಯಿತು. ಆಡುತ್ತಿರುತ್ತಿತ್ತು. ಆದರೂ ನೋಡುತ್ತಿದ್ದೆ.

ಊಟಿ ಅಂದವಳು ನನ್ನ ಹೆಂಡತಿ. "ಮದುವೆ ಆದಾಗಿಂದ ತೋರಿಸ್ತೀನಿ ಅಂತ ಅಂದಿದ್ದೇ ಬಂತು. ಮಾವನ ನೆಪದಲ್ಲಾದ್ರೂ ನಾನು ನೋಡಂಗಾಗ್ಲಿ."

"ಅಲ್ಲಿ ಚಳಿ. ಅಪ್ಪನ ಎದೆಗೆ ಕಫ ಕಟ್ಟಿದ್ರೆ?"

"ಇಡೀ ವಯಸ್ಸು ಬಯಲಲ್ಲಿ ಮಲಗಿದೋರಿಗೆ ಕಫ ಕಟ್ಟುತ್ತಾ? ಕಟ್ಟಿದ್ರೆ ನಿಮಗೇ."

ಹಿರಿಯೂರು, ಹುಳಿಯಾರು ದಾಟಿ ಮೈಸೂರು. ಅಲ್ಲಿಂದ ಇನ್ನೊಂದು ಬಸ್ಸು. ನನ್ನ ಬ್ಯಾಗಿನಲ್ಲಿ ಸ್ವೆಟರು, ಮಂಕಿ ಟೋಪಿ, ಅಮೃತಾಂಜನ, ಜ್ವರದ ಮಾತ್ರೆ, ಭೇದಿಯ ಮಾತ್ರೆ, ಮಲಬದ್ಧತೆಯ ಮಾತ್ರೆ. ಅಪ್ಪನದು ಹೆಗಲ ಮೇಲಿನ ಕಂಬಳಿ ಒಂದೇ. ಘಾಟಿನ ತಿರುವುಗಳಲ್ಲಿ ಬಸ್ಸು ಓಲಾಡಿದಾಗೆಲ್ಲ ನಾನು ಕಣ್ಣು ಮುಚ್ಚಿ ಮುಂದಿನ ಸೀಟಿನ ಕಂಬಿ ಹಿಡಿದೆ. ಹೆಂಡತಿ ಕಿಟಕಿಯಿಂದ ಪ್ರಪಾತ ನೋಡಿ ಸಂತೋಷಪಟ್ಟಳು. ಅಪ್ಪ ಹೊರಗೂ ನೋಡಲಿಲ್ಲ, ಒಳಗೂ ನೋಡಲಿಲ್ಲ.

ನಮ್ಮ ದೇಶದ ಸೆಕೆ ತಾಳಲಾರದೆ ಇಂಗ್ಲಿಷರು ಕಟ್ಟಿಕೊಂಡ ಊರು ಅದು. ಅವರು ಹೋಗಿ ಎಷ್ಟೋ ಕಾಲವಾಗಿದ್ದರೂ ಇಳಿಜಾರು ಮಾಡಿನ ಬಂಗಲೆಗಳು, ಕಲ್ಲಿನ ಚರ್ಚು ಎಲ್ಲ ಹಾಗೇ ನಿಂತಿದ್ದವು. ನಾನು ಗೈಡಿನ ಹಾಗೆ, "ಅಪ್ಪ, ಇದು ಇಂಗ್ಲಿಷರ ಕಾಲದ್ದು," ಅಂತ ತೋರಿಸುತ್ತಾ ಹೋದೆ. ಕರೆಂಟು ಕಂಬವನ್ನೂ ತೋರಿಸಿದೆ ಅಂತ ಹೆಂಡತಿ ಈಗಲೂ ಹೇಳುತ್ತಾಳೆ. ಚಳಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ಅಪ್ಪ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು, ತಲೆಯಿಂದ ಮೊಣಕಾಲವರೆಗೆ ಬೆಚ್ಚಗೆ, ತುಟಿ ಎರಡು ಮಾಡದೆ ಬಂದ.

ಮಾರನೆಯ ದಿನ ಸರ್ಕಾರಿ ಹೂದೋಟಕ್ಕೆ ಹೋದೆವು. ಹೂವಿನ ಮುಂದೆ ಅಪ್ಪ ನಿಲ್ಲಲೇ ಇಲ್ಲ. ನಿಂತದ್ದು ಹುಲ್ಲಿನ ಮುಂದೆ. ಗುಡ್ಡದ ಇಳಿಜಾರಿಗೆ ಹಾಸಿದ ಹಾಗೆ ಹಸುರು, ಮೇಯುವ ಬಾಯಿ ಒಂದೂ ಇಲ್ಲ. ಅಪ್ಪ ಬಗ್ಗಿ ಒಂದು ಎಳೆ ಕಿತ್ತು ಬಾಯಿಗಿಟ್ಟು ಅಗಿದ. ಅದು ಅವನ ಅಭ್ಯಾಸ. ಹೊಸ ಬೀಳಿಗೆ ಕುರಿ ಬಿಡುವ ಮುಂಚೆ ಹುಲ್ಲಿನ ರುಚಿ ತಾನೇ ನೋಡುತ್ತಿದ್ದ. ನಾನು ಆ ಕಡೆ ಈ ಕಡೆ ನೋಡಿದೆ. ಔಷಧಿ ಹೊಡೆದಿರುತ್ತಾರೇನೋ ಅಂತ ಒಂದು ಭಯ, ಹುಲ್ಲು ಮುಟ್ಟಬಾರದು ಅಂತ ಎಲ್ಲಾದರೂ ಬೋರ್ಡು ಇದೆಯೇನೋ ಅಂತ ಇನ್ನೊಂದು.

ಆ ಹೊತ್ತಿಗೆ ಹೆಂಡತಿ, "ಚಹಾ ಸಿಗುತ್ತಾ ನೋಡಾಣ ಬರ್ರಿ," ಅಂತ ಕರೆದಳು. ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ ಹೋದೆವು. ಲೋಟ ಹಿಡಿದು ವಾಪಸು ಬಂದರೆ ಬೆಂಚು ಖಾಲಿ. ಕೊಳದಲ್ಲಿ ಬಿದ್ದ, ದಾರಿ ತಪ್ಪಿದ, ಭಾಷೆ ಬರದ ಊರಲ್ಲಿ ಕಳೆದೇ ಹೋದ, ಹೀಗೆ ಮೂರು ಸಲ ಅಪ್ಪನನ್ನು ಕಳಕೊಂಡು ಮುಗಿಸಿದ್ದೆ, ಅಷ್ಟರಲ್ಲಿ ಹೆಂಡತಿ ಕೈ ತೋರಿಸಿದಳು. "ಅಲ್ಲಿ ನೋಡ್ರಿ, ಮಾವ."

ದೂರದಲ್ಲಿ ಮಾಲಿಗಳು ಹುಲ್ಲು ಕತ್ತರಿಸಿ ಗುಡ್ಡೆ ಹಾಕಿದ್ದರು. ಅಪ್ಪ ಕಂಬಳಿ ಬಿಚ್ಚಿ ನೆಲಕ್ಕೆ ಹಾಸಿ, ಎರಡೂ ಕೈಯಲ್ಲಿ ಆ ಹುಲ್ಲು ಬಾಚಿ ತುಂಬುತ್ತಿದ್ದ. ಮಾಲಿಯೊಬ್ಬ ಬೀಡಿ ಸೇದುತ್ತಾ, ಹೇಗೂ ಗುಂಡಿಗೆ ಹಾಕುವುದು ತಾನೇ ಅನ್ನುವ ಮುಖದಲ್ಲಿ ನೋಡುತ್ತಿದ್ದ. ನಾನು ಓಡುವಷ್ಟರಲ್ಲಿ ಅಪ್ಪ ನಾಲ್ಕು ಚುಂಗು ಸೇರಿಸಿ ಗಂಟು ಬಿಗಿದು, ಹೊರೆ ಎತ್ತಿ ತಲೆ ಮೇಲಿಟ್ಟುಕೊಂಡು ಗೇಟಿನ ಕಡೆ ನಡೆಯುತ್ತಿದ್ದ. ಮಂಡಿ ಸೋತವನ ನಡಿಗೆಯಲ್ಲ. ಹೊತ್ತು ಮುಳುಗುವ ಮುಂಚೆ ಹಟ್ಟಿ ಸೇರುವವನ ನಡಿಗೆ.

ಗೇಟಿನಲ್ಲಿ ವಾಚ್‌ಮನ್ ತಡೆದ. ಸರ್ಕಾರಿ ಆಸ್ತಿ, ದಂಡ, ನನ್ನ ಗುಮಾಸ್ತಿಕೆಯ ಸಸ್ಪೆನ್ಷನ್ನು, ಎಲ್ಲ ನನ್ನ ಕಣ್ಣ ಮುಂದೆ ಸಾಲಾಗಿ ಬಂದವು. ಅವನು ಮಾತ್ರ ಹೊರೆಗೆ ಲಾಠಿ ಒತ್ತಿ ನೋಡಿ, ನಕ್ಕು, ಅರ್ಧಂಬರ್ಧ ಕನ್ನಡದಲ್ಲಿ ಕೇಳಿದ. "ಹುಲ್ಲು ಯಾರಿಗೆ ತಾತಾ?"

ಅಪ್ಪ ತಲೆ ಮೇಲಿನ ಹೊರೆಯನ್ನು ಎರಡೂ ಕೈಯಿಂದ ಹಿಡಿದುಕೊಂಡೇ ನಿಂತ. ಯಾರಿಗೂ ಅಲ್ಲ ಅನ್ನುವುದು ಅವನಿಗೆ ಆಗ ಹೊಳೆಯಿತು. ಹೊಳೆದದ್ದು ಮುಖದ ಮೇಲೆ ಕಂಡಿತು. ಆ ಮುಖ ನೋಡಲಾಗದೆ ನಾನು ಚಪ್ಪಲಿ ನೋಡಿಕೊಂಡೆ. ಎಲ್ಲಕ್ಕೂ ಮಾತ್ರೆ ತಂದಿದ್ದೆ, ಇದಕ್ಕೆ ತಂದಿರಲಿಲ್ಲ.

ಹೆಂಡತಿ ಮುಂದೆ ಬಂದಳು. "ಕುದ್ರಿಗೆ," ಅಂದಳು ವಾಚ್‌ಮನ್‌ಗೆ, ಬೆಳಗಿನಿಂದ ಅದೇ ಯೋಚನೆಯಲ್ಲಿದ್ದವಳ ಹಾಗೆ. "ಬರ್ರಿ ಮಾವ, ಕೆರೆ ಹತ್ರ ಕುದ್ರೆ ಅವೆ. ನಿನ್ನೆ ನೋಡಿದ್ವಲ್ಲ, ಪಕ್ಕೆಲುಬು ಕಾಣ್ತಿದ್ವು."

ಕೆರೆಯ ದಂಡೆಯಲ್ಲಿ, ಬಂದವರನ್ನು ಸವಾರಿ ಮಾಡಿಸುವ ಬಡಕಲು ಕುದುರೆಗಳು ನಿಂತಿದ್ದವು. ಹೊರೆ ನಾನು ಹೊರುತ್ತೇನೆ ಅಂದರೆ ಅಪ್ಪ ಕೊಡಲಿಲ್ಲ. ಒಂದು ಕಂದು ಕುದುರೆಯ ಮುಂದೆ ಇಳಿಸಿ ಗಂಟು ಬಿಚ್ಚಿದ. ಅದು ಮೂಸಿ, ಮೂತಿ ತೂರಿಸಿತು. ಒದ್ದರೆ, ಕಚ್ಚಿದರೆ ಅಂತ ನಾನು ಎರಡು ಹೆಜ್ಜೆ ಹಿಂದೆ ನಿಂತೆ. ಅಪ್ಪ ಅದರ ಪಕ್ಕೆಗೆ ಅಂಗೈ ಇಟ್ಟು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಕುರಿಗಳಿಗೆ ಮಾಡುತ್ತಿದ್ದ ಸದ್ದು ಮಾಡಿದ. ಕುದುರೆಗೆ ಅದು ತಿಳಿಯಿತೋ ಇಲ್ಲವೋ, ಕಿವಿ ಮಾತ್ರ ತಿರುಗಿಸಿತು.

ಕುದುರೆಯವರು ಮೈಸೂರಿನ ಕಡೆಯ ಸಾಬರು. "ಏನ್ ಅಜ್ಜಾರೆ, ಹತ್ತಿ ಒಂದು ಸುತ್ತು ಬರ್ತೀರಾ?" ಅಂದರು.

"ನಾನು ಹತ್ತಿದ್ರೆ ಅದು ಕುಂತ್ಕತೈತೆ," ಅಂದ ಅಪ್ಪ. "ಮೊದ್ಲು ಹೊಟ್ಟೆ ತುಂಬ ಹಾಕಪ್ಪ."

ನಾನೂ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟು ಉದ್ದದ ಮಾತು ನಮ್ಮ ಮನೆಯ ಜಗಲಿ ಕೇಳಿಯೇ ಇರಲಿಲ್ಲ. ಅಲ್ಲಿಂದ ಅಪ್ಪ, ಸಾಬರು ಇಬ್ಬರೂ ಕುದುರೆಯ ಗೊರಸು, ಕುರಿಯ ಗೊರಸು, ಮಳೆಗಾಲದ ಕಾಲುಬೇನೆ ಅಂತ ಶುರು ಮಾಡಿದರು. ಬಂದದ್ದೇ ಬಂತು, ದೋಣಿಯಲ್ಲಿ ಹೋಗೋಣವಾ ಅಂತ ನಾನು ಕೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಹೆಂಡತಿ ದಂಡೆಯ ಮೇಲೆ ಕುಂತು ಕೆರೆ ನೋಡಿದಳು. ನಾನು ಅವಳ ಪಕ್ಕ ಕುಂತೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಊಟಿಯ ಕೆರೆ ದಂಡೆಯಲ್ಲಿ ಜೊತೆಯಾಗಿ ಕೂತಿದ್ದೇವೆ ಅಂತ ಇಬ್ಬರಿಗೂ ಗೊತ್ತಿತ್ತು. ನಾನು ಮಂಕಿ ಟೋಪಿ ತೆಗೆದೆ.

ಹುಲ್ಲು ಮುಗಿದ ಮೇಲೆ ಅಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ನಮ್ಮ ಕಡೆ ಬಂದ.

"ಲೇ, ನಾಳೆ ಬಸ್ಸು ಎಷ್ಟೊತ್ತಿಗೆ?"

"ಬೆಳಗ್ಗೆ ಎಂಟಕ್ಕೆ, ಅಪ್ಪ."

"ಎಂಟಕ್ಕೆ ಹೊಂಟ್ರೆ ಆ ತೋಟಕ್ಕೆ ಹೋಗಾಕಾಗಲ್ಲ." ಕುದುರೆ ಕಡೆ ಕೈ ತೋರಿಸಿದ. "ಅದಕ್ಕೆ ಇನ್ನೊಂದು ಹೊರೆ ಹಾಕಿ ಹೋಗಾಣ."

ಸೀಟು ರಿಸರ್ವ್ ಆಗಿದೆ, ಲಾಡ್ಜಿನವರು ರೂಮು ಬಿಡಿ ಅಂತಾರೆ, ಆಫೀಸಿಗೆ ರಜೆ ಇಲ್ಲ. ಇಷ್ಟೂ ನನ್ನ ನಾಲಿಗೆ ತುದಿಗೆ ಬಂದಿದ್ದವು. ಹೆಂಡತಿ ನನ್ನ ಮೊಣಕೈ ಒತ್ತಿದಳು. ಒತ್ತದಿದ್ದರೂ ಹೇಳುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಅವಳಿಗೆ ನಂಬಿಕೆ ಇಲ್ಲ.

"ಹಾಕೇ ಹೋಗಾಣ," ಅಂದು ಬಸ್ ಸ್ಟ್ಯಾಂಡಿನ ದಾರಿ ಕೇಳಿಕೊಂಡು ಹೊರಟೆ, ಟಿಕೆಟ್ ಬದಲಾಯಿಸುವುದಕ್ಕೆ. ಹಿಂದಿನಿಂದ ಅಪ್ಪ ಸಾಬರಿಗೆ ಹೇಳುತ್ತಿದ್ದುದು ಕೇಳಿಸಿತು. "ನನ್ನ ಮಗ. ಸ್ವಲ್ಪ ಪುಕ್ಕಲ. ಆದ್ರೂ ಇಷ್ಟು ದೂರ ಕರ್ಕಂಡು ಬಂದವ್ನೆ."