ನಮ್ಮಮ್ಮ ಕುಂದಾಪುರದಲ್ಲಿ ಕಳೆದುಹೋದ ದಿನ

ಗಂಗಮ್ಮ ತಾಯಿಯನ್ನು ನಂಬಿದ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಬೆಂಗಳೂರಿನ ಪಟ್ಟಂದೂರು ಅಗ್ರಹಾರದ ಮಂಜುಳಾ ಮಾಡುವ ನಮಸ್ಕಾರ. ನಾನು ಬರೆದು ಅಭ್ಯಾಸವಿರುವವಳಲ್ಲ, ಬೈದು ಅಭ್ಯಾಸವಿರುವವಳು. ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಆದರೂ ನನ್ನ ಹೆತ್ತ ತಾಯಿಯ ವಿಷಯದಲ್ಲಿ ನಡೆದದ್ದನ್ನು ನಾಲ್ಕು ಜನರ ಮುಂದೆ ಹೇಳದಿದ್ದರೆ ದೇವರಿಗೆ ದ್ರೋಹ ಮಾಡಿದ ಹಾಗೆ ಎಂದು ಬರೆಯಲು ಕೂತಿದ್ದೇನೆ.

ನಮ್ಮಮ್ಮ ಮುನಿಯಮ್ಮನಿಗೆ ಎಪ್ಪತ್ತು ದಾಟಿದೆ. ಮೂರು ವರ್ಷದಿಂದ ಮರೆವಿನ ಕಾಯಿಲೆ. ಮೊದಮೊದಲು ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು. ವಯಸ್ಸಾಯಿತಲ್ಲ ಎಂದು ಸುಮ್ಮನಾದೆವು. ಆಮೇಲೆ ತೀರಿಕೊಂಡ ನಮ್ಮಪ್ಪನಿಗೆ ತಟ್ಟೆ ಇಟ್ಟು, ಬಾಗಿಲಲ್ಲಿ ನಿಂತು ಊಟಕ್ಕೆ ಕರೆಯಲು ಶುರುಮಾಡಿದಳು. ವೈಟ್‌ಫೀಲ್ಡಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತಲೆಯ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರಮ್ಮ ಆ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಗುಣ ಆಗೋ ಕಾಯಿಲೆ ಅಲ್ಲ ಮೇಡಂ. ಮಾತ್ರೆ ಕೊಡ್ತೀನಿ, ಆದ್ರೆ ದಿನಾ ದಿನಾ ಕಮ್ಮಿ ಆಗ್ತಾನೇ ಹೋಗ್ತಾರೆ. ಅವ್ರಿಗೆ ಇಷ್ಟ ಆಗೋ ಜಾಗಕ್ಕೆ ಎಲ್ಲಾದ್ರೂ ಕರ್ಕೊಂಡ್ ಹೋಗಿ ಬನ್ನಿ. ಈಗ್ಲೇ ಹೋಗಿ ಬನ್ನಿ" ಎಂದರು.

ಇಷ್ಟವಾಗುವ ಜಾಗ ಎಂದು ಅವರು ಹೇಳಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಎಲ್ಲಾದರೂ ಎಂಬುದಷ್ಟೇ ಬಿತ್ತು. ಅಮ್ಮ ಹುಟ್ಟಿದಾಗಿನಿಂದ ಸಮುದ್ರ ಕಂಡವಳಲ್ಲ, ಸಮುದ್ರವನ್ನೇ ತೋರಿಸಿಬಿಡೋಣ ಎಂದು ನಾನೇ ತೀರ್ಮಾನಿಸಿದೆ. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಉಡುಪಿ ಕಡೆಯವಳು. ಅವಳು ಒಂದು ಹಾಳೆ ತುಂಬ ಬರೆದುಕೊಟ್ಟಳು. ಉಡುಪಿಯ ಕೃಷ್ಣ, ಮಲ್ಪೆಯ ಕಡಲತೀರ, ಕಾಡಿನ ದಾರಿಯಲ್ಲಿ ಕೊಲ್ಲೂರು, ಒಂದು ಕಡೆ ನದಿ ಇನ್ನೊಂದು ಕಡೆ ಸಮುದ್ರ ಇರುವ ಮರವಂತೆ, ಕಡೆಗೆ ಮುರುಡೇಶ್ವರ. ಗೋಳಿಬಜೆ ಎಲ್ಲಿ ತಿನ್ನಬೇಕು, ದೋಣಿ ಎಲ್ಲಿ ಹತ್ತಬೇಕು ಎನ್ನುವುದೂ ಅದರಲ್ಲಿತ್ತು. ಕಳೆದ ವರ್ಷ ದೀಪಾವಳಿ ಮುಗಿದ ವಾರ ನಾನು, ನಮ್ಮೆಜಮಾನರು ನಾಗರಾಜು, ಅಮ್ಮ ಮೂವರೂ ಬಸ್ಸಿನಲ್ಲಿ ಹೊರಟೆವು.

ಹೋಗಿದ್ದು ದಂಡ ಎಂದು ಮೊದಲ ದಿನವೇ ಗೊತ್ತಾಯಿತು. ಮಲ್ಪೆಯಲ್ಲಿ ಅಷ್ಟು ದೊಡ್ಡ ಸಮುದ್ರ ಎದುರಿಗಿದ್ದರೆ ಅಮ್ಮ ಅದಕ್ಕೆ ಬೆನ್ನು ತಿರುಗಿಸಿ, ಐಸ್‌ಕ್ಯಾಂಡಿ ಗಾಡಿಯ ಚಕ್ರ ನೋಡುತ್ತಾ ನಿಂತಳು. ದೋಣಿಯ ಹತ್ತಿರ ಕರೆದೊಯ್ದರೆ ನನ್ನ ಸೆರಗು ಹಿಡಿದು ಚೀರಿದಳು. ಮರುದಿನ ಕೊಲ್ಲೂರಿನ ದಾರಿಯಲ್ಲಿ ಬಸ್ಸಿನ ಎರಡೂ ಕಡೆ ಆಕಾಶ ಕಾಣದಷ್ಟು ಕಾಡು. ಅಮ್ಮ ಕಿಟಕಿಯಿಂದ ಇಣುಕಿ, "ಇಸ್ಟೊಂದ್ ನೀಲಗಿರಿ ಯಾರ್ ಆಕವ್ರೆ? ಯಾರ್ದು ಈ ತೋಪು?" ಎಂದಳು. ಬಸ್ಸಿನಲ್ಲಿದ್ದವರು ನಕ್ಕರು. ನನಗೆ ನಾಚಿಕೆಯಾಗಿ ಅವಳ ತೊಡೆ ಚಿವುಟಿದೆ. ಹೌದು, ಚಿವುಟಿದೆ. ದೇವಿಯ ಎದುರಿಗೂ ಅವಳದು ಒಂದೇ ಮಾತು: "ಗಂಗಮ್ಮಂಗೆ ಮಡ್ಲಕ್ಕಿ ಕಟ್ಬೇಕು, ಒತ್ತಾಯ್ತದೆ, ನಡೀರಿ."

ಮೂರನೆಯ ದಿನ, ಶುಕ್ರವಾರ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮರವಂತೆಯ ಬಸ್ಸು ಹಿಡಿಯಲು ಕುಂದಾಪುರದ ಬಸ್ ನಿಲ್ದಾಣದಲ್ಲಿ ಇಳಿದೆವು. ಯಜಮಾನರು ಶೌಚಾಲಯಕ್ಕೆ ಹೋದರು. ಬಸ್ಸು ಬಂದು ನಿಂತಿತು. ಅಮ್ಮ ಕಲ್ಲು ಬೆಂಚಿನಿಂದ ಏಳಲಿಲ್ಲ.

"ಏಳಮ್ಮ, ಬಸ್ ಹೋಗ್ಬಿಡುತ್ತೆ" ಎಂದೆ.

"ಗಂಗಮ್ಮಂಗೆ..."

"ಗಂಗಮ್ಮನೂ ಇಲ್ಲ, ಸಿಂಗಮ್ಮನೂ ಇಲ್ಲ! ನಿನ್ನಿಂದ ಒಂದ್ ಜಾಗನೂ ನೆಟ್ಟಗೆ ನೋಡೋಕಾಗ್ಲಿಲ್ಲ. ಸಾಕಾಗಿ ಹೋಗಿದೆ ನಂಗೆ. ಇಲ್ಲೇ ಬಿದ್ದಿರು!"

ಹೀಗೆಂದು ಅವಳ ಕೈ ಕೊಡವಿ, ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ಹೋದೆ. ಐದು ನಿಮಿಷವೂ ಆಗಿರಲಾರದು. ತಿರುಗಿ ಬಂದಾಗ ಬೆಂಚು ಖಾಲಿ ಇತ್ತು.

ಆಮೇಲಿನದು ಏನು ಹೇಳಲಿ. ಅಂಗಡಿ ಅಂಗಡಿ ನುಗ್ಗಿದೆವು. ಮರವಂತೆಯ ಬಸ್ಸು ಹತ್ತಿರಬಹುದೆಂದು ಯಜಮಾನರು ಆ ಕಡೆ ಹೋದರು. ಬೆಂಗಳೂರಿನ ಬಸ್ಸು ಹುಡುಕಿಕೊಂಡು ಹೋಗಿರಬಹುದೆಂದು ನಾನು ಹೆದ್ದಾರಿಗೆ ಓಡಿದೆ. ಪೊಲೀಸ್ ಠಾಣೆಯಲ್ಲಿ ಒಬ್ಬ ಪೇದೆ ಸಮಾಧಾನವಾಗಿ ಕೂರಿಸಿ, ಅಮ್ಮನ ಫೋಟೋ ಕೊಡಿ ಎಂದರು. ನನ್ನ ಫೋನಿನಲ್ಲಿ ಎರಡು ದಿನದ ನಲವತ್ತು ಫೋಟೋ ಇದ್ದವು. ಸಮುದ್ರ, ದೋಣಿ, ಗೋಪುರ, ಕಾಡು. ಅಮ್ಮ ಇದ್ದದ್ದು ಅಂಚಿನಲ್ಲಿ ಎಲ್ಲೋ. ಒಂದರಲ್ಲಿ ಬೆನ್ನು, ಒಂದರಲ್ಲಿ ಅರ್ಧ ತಲೆ, ಇನ್ನೊಂದರಲ್ಲಿ ಹಸಿರು ಸೀರೆಯ ತುದಿ. ಮುಖ ಕಾಣುವಂಥದ್ದು ಒಂದೂ ಇರಲಿಲ್ಲ. ಆ ಪೇದೆ ಫೋನು ವಾಪಸು ಕೊಟ್ಟರು.

ಹನ್ನೆರಡು ಗಂಟೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಗುರುತು ಸಿಗದ ಮುದುಕಿಯೊಬ್ಬಳಿದ್ದಾಳೆ ಎಂದು ಠಾಣೆಗೆ ಫೋನ್ ಬಂತು. ಆಟೋ ಹತ್ತಿ ಹೋದೆ. ವಾರ್ಡಿನ ಕಡೆಯ ಮಂಚದಲ್ಲಿ ಯಾರೋ ಮುಸುಕು ಹೊದ್ದು ಮಲಗಿದ್ದರು. ನರ್ಸು ಮುಸುಕು ತೆಗೆದರೆ ಬೇರೆ ಯಾರದೋ ಅಮ್ಮ. ಹೊರಗೆ ಔಷಧಿ ಕೊಡುವ ಕಿಟಕಿಯ ಹತ್ತಿರ ನಿಂತಿದ್ದ ಹೆಂಗಸೊಬ್ಬರು ಕನಿಕರದಿಂದ, "ಕಡಲ್ ಬದಿಗ್ ಒಂದ್ ಹೋಯಿರ್ದೆ ಇದ್ರೆ ಸಾಕ್ ಅಕ್ಕಾ" ಎಂದರು. ಸಮುದ್ರದ ಕಡೆ ಹೋಗಿರದಿದ್ದರೆ ಸಾಕು ಎಂದು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಲ್ಲಿಂದ ಮತ್ತೆ ಬೀದಿ ಬೀದಿ ಹುಡುಕಿದೆ.

ಮೂರು ಗಂಟೆಗೆ ಮತ್ತೆ ಅದೇ ಬೆಂಚಿಗೆ ಬಂದು ಕುಸಿದೆ. ಯಜಮಾನರು ಮರವಂತೆಯಿಂದ ಫೋನ್ ಮಾಡಿ, "ಇಲ್ಲೆಲ್ಲೂ ಇಲ್ಲ ಕಣೇ, ಬಸ್ಸಿನವರನ್ನೂ ಕೇಳ್ದೆ" ಎಂದರು. ಮನೆಯಳಿಯನಾಗಿ ಬಂದು ಮೂವತ್ತು ವರ್ಷ ಅತ್ತೆಯ ಕೈಯಡುಗೆ ಉಂಡ ಮನುಷ್ಯ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತರು.

ಈಗ ಬರೆಯುವುದನ್ನು ಅವರಿಗೂ ಹೇಳಿಲ್ಲ. ದೇವರ ಮುಂದೆ ಸುಳ್ಳಾಡಬಾರದು, ಅದಕ್ಕೆ ಬರೆಯುತ್ತೇನೆ. ಆ ಬೆಂಚಿನ ಮೇಲೆ ಕೂತಾಗ, ಸಿಗದೆ ಹೋದರೆ ಹೋಗಲಿ ಎಂದು ಒಂದು ಗಳಿಗೆ ಅನ್ನಿಸಿತು. ದಿನವೂ ಸ್ನಾನ ಮಾಡಿಸುವುದು, ಬಟ್ಟೆ ಬದಲಾಯಿಸುವುದು, ಬಾಗಿಲಿಗೆ ಚಿಲಕ ಹಾಕಿ ಕಾಯುವುದು, ಅದೆಲ್ಲ ಇಲ್ಲಿಗೇ ಮುಗಿಯಿತಲ್ಲ ಎಂದು ಎದೆ ಒಂದು ಸಲ ಹಗುರಾಯಿತು. ಮರುಕ್ಷಣವೇ ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತು. ಇಂಥ ಮಗಳನ್ನು ಹೆತ್ತಳಲ್ಲ ಎಂದು ಹಣೆ ಚಚ್ಚಿಕೊಂಡೆ.

ಆಗ ನನಗೆ ಗಂಗಮ್ಮನ ನೆನಪಾಯಿತು. ನಮ್ಮೂರ ಕೆರೆ ಏರಿಯ ಕೊನೆಯಲ್ಲಿ, ಹೊಂಗೆ ಮರದ ಬುಡದಲ್ಲಿ ಮೂರು ಕಲ್ಲು ನಿಲ್ಲಿಸಿ ಅರಿಸಿನ ಹಚ್ಚಿದ್ದರು. ಅದೇ ನಮ್ಮ ಗಂಗಮ್ಮ. ಗುಡಿಯಿಲ್ಲ, ಪೂಜಾರಿಯಿಲ್ಲ, ನಮ್ಮಮ್ಮನಂಥ ಹೆಂಗಸರದೇ ಪೂಜೆ. ಆ ಜಾಗದಲ್ಲಿ ರಸ್ತೆ ಬಂದಾಗ ಮರ ಹೋಯಿತು, ಕಲ್ಲುಗಳೂ ಮಣ್ಣಿನಡಿ ಹೋದವು. ಅಮ್ಮ ಒಬ್ಬಳೇ ಅತ್ತಿದ್ದಳು. ಊರಿನ ನಾವೆಲ್ಲ ಹೊಸ ಮನೆಗೆ ಟೈಲ್ಸ್ ಆರಿಸುವುದರಲ್ಲಿದ್ದೆವು. ನಾನು ಕೈಮುಗಿಯಲಿಲ್ಲ, ಬೈದೆ. "ನಿನ್ನ ನಾವು ಮಣ್ಣಲ್ಲಿ ಮುಚ್ಚಿದ್ವಿ, ನಿಜ. ಅದಕ್ಕೆ ನಿನ್ನ ನಂಬ್ಕೊಂಡಿದ್ದವಳನ್ನೇ ಕಿತ್ಕೊಳ್ತೀಯಾ? ತಪ್ಪು ನಂದು. ಕಾಯಿಲೆ ವಾಸಿ ಮಾಡು ಅಂತ ಕೇಳಲ್ಲ. ಒಂದ್ಸಲ ಜೀವಂತ ಕಣ್ಣಿಗೆ ತೋರ್ಸು ತಾಯಿ, ಸಾಕು." ಜನ ನೋಡುತ್ತಿದ್ದರು. ನೋಡಲಿ ಎಂದು ಜೋರಾಗಿಯೇ ಅತ್ತೆ.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಒಂದು ಚಿಕ್ಕ ಖಾಸಗಿ ಬಸ್ಸು ಬಂದು ನನ್ನೆದುರಿಗೇ ನಿಂತಿತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಕೂಗಿದ: "ಕೋಡೀ, ಕೋಡೀ, ಕೋಡೀ..."

ನಾನು ಎದ್ದು ನಿಂತೆ. ಬೇರೆ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಹರಿಯುವ ಜಾಗ. ಕೆರೆ ಕೋಡಿ ಬಿತ್ತು ಎಂದರೆ ಊರಿಗೆ ಊರೇ ಓಡುತ್ತಿತ್ತು. ಹೆಂಗಸರು ಮಡಿಯುಟ್ಟು ಹೋಗಿ ಗಂಗಮ್ಮನಿಗೆ ಮಡಿಲಕ್ಕಿ ಕಟ್ಟಿ, ಅರಿಸಿನ ಕುಂಕುಮ ನೀರಿಗೆ ಬಿಟ್ಟು ಬರುತ್ತಿದ್ದರು. ಆ ಮೂರು ಕಲ್ಲುಗಳು ಇದ್ದದ್ದೇ ಕೋಡಿಯಲ್ಲಿ. ಕುಂದಾಪುರದ ಪಕ್ಕ ಕಡಲ ದಂಡೆಯಲ್ಲಿ ಕೋಡಿ ಎನ್ನುವ ಹೆಸರಿನ ಊರೇ ಇದೆ ಎಂದು ನನಗೇನು ಗೊತ್ತು? ಆ ಹಾಳೆಯಲ್ಲಿ ಅದು ಇರಲಿಲ್ಲ. ಎರಡು ದಿನದಿಂದ ಗಂಗಮ್ಮ ಗಂಗಮ್ಮ ಎನ್ನುತ್ತಿದ್ದವಳ ಮುಂದೆ ಬಸ್ಸೊಂದು ಬಂದು ಕೋಡಿ ಕೋಡಿ ಎಂದು ಕೂಗಿದರೆ ಅವಳು ಹತ್ತದೆ ಬಿಡುತ್ತಾಳೆಯೇ!

ಓಡಿಹೋಗಿ ಕಂಡಕ್ಟರನ ಕೈ ಹಿಡಿದೆ. "ಅಣ್ಣಾ, ಬೆಳಿಗ್ಗೆ ಒಬ್ರು ವಯಸ್ಸಾದವ್ರು, ಹಸಿರು ಸೀರೆ..."

"ಹೌದೌದ್. ಅಜ್ಜಿ ಒಂದ್ ಬಂದಿತ್ತ್. ಕೋಡೀಲಿ ನೀರ್ ಬಂದದಾ ಅಂತ ಕೇಂಡ್ರ್. ಕೋಡಿಯಲ್ಲ್ ನೀರಿಲ್ದೆ ಮತ್ತೆಂತ ಇತ್ತ್ ಅಜ್ಜೀ ಅಂದೆ. ಎಷ್ಟ್ ಖುಷಿ ಆಯ್ತ್ ಅವ್ರಿಗೆ!"

ಇಡೀ ದಾರಿ ನಾನು ಕೂರಲಿಲ್ಲ, ಕಂಬಿ ಹಿಡಿದು ನಿಂತೇ ಇದ್ದೆ. ಕಡೆಯ ಸ್ಟಾಪಿನಲ್ಲಿ ಇಳಿದು, ತೆಂಗಿನ ಮರಗಳ ನಡುವಿನ ಮರಳಲ್ಲಿ ಚಪ್ಪಲಿ ಬಿಟ್ಟು ಓಡಿದೆ. ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿದ್ದೇ, "ಅಜ್ಜಿ ಮಗ್ಳಾ? ಅಲ್ಕಾಣಿ. ಬೆಳಿಗ್ಗಿಂದ ಅಲ್ಲೇ ಕೂತಿದ್ರ್. ಗಂಜಿ ಕೊಟ್ಟೆ, ಉಂಡ್ರ್. ಮಗ್ಳ್ ಬತ್ತಾಳೆ, ಇಲ್ಲೇ ಇರ್ತೀನಿ ಅಂದ್ರ್" ಎಂದಳು. ನೀರಿನ ಹತ್ತಿರ ಹೋಗದಂತೆ ಅವಳು ದಿನವಿಡೀ ಒಂದು ಕಣ್ಣಿಟ್ಟಿದ್ದಳಂತೆ. ಅವಳ ಹೆಸರು ಕೇಳುವುದಕ್ಕೂ ನನಗೆ ತೋಚಲಿಲ್ಲ.

ಅಮ್ಮ ಸಮುದ್ರದ ಕಡೆ ಮುಖ ಮಾಡಿ ಕೂತಿದ್ದಳು. ಅವಳೆದುರು ಮರಳಿನಲ್ಲಿ ಮೂರು ಕಲ್ಲು. ಸೊಂಟದ ಎಲೆಯಡಿಕೆ ಚೀಲದಲ್ಲಿ ಯಾವಾಗಲೂ ಇರುವ ಪೊಟ್ಟಣದ ಅರಿಸಿನ ಕುಂಕುಮ ಅವುಗಳ ಮೇಲಿತ್ತು. ಎಲ್ಲಿಂದಲೋ ಕಿತ್ತ ದಾಸವಾಳ ಒಂದಿತ್ತು. ನಾನು ಪಕ್ಕದಲ್ಲಿ ಮೊಣಕಾಲೂರಿ ಕುಸಿದರೂ ಅವಳು ನೀರಿನಿಂದ ಕಣ್ಣು ತೆಗೆಯಲಿಲ್ಲ.

"ನೋಡವ್ವಾ, ಕೆರೆ ಎಂಗ್ ಕೋಡಿ ಬಿದ್ದದೆ. ಈ ಕಡೇಗೂ ನೀರೇ, ಆ ಕಡೇಗೂ ನೀರೇ. ನನ್ನ ಜೀವಮಾನದಾಗೆ ಇಂಗ್ ತುಂಬಿದ್ದ್ ಕಂಡಿಲ್ಲ ಕಣವ್ವಾ. ಗಂಗಮ್ಮ ಬಂದವ್ಳೆ."

"ಅಮ್ಮಾ" ಎಂದೆ.

ಅವಳು ನನ್ನ ಕಡೆ ತಿರುಗಿದಳು. ಎರಡು ವರ್ಷದಲ್ಲಿ ಏನೇನೋ ಮರೆತಿದ್ದರೂ ನನ್ನನ್ನು ಮರೆತಿರಲಿಲ್ಲ. ಆ ಸಂಜೆ ಮರೆತಿದ್ದಳು. ನನ್ನ ಹಣೆಗೆ ಕುಂಕುಮ ಇಟ್ಟು, "ನೀನ್ ಯಾರ್ ಮನೆ ಎಣ್ಣವ್ವಾ? ಯಾಕಂಗ್ ಅಳ್ತೀಯಾ? ಕುತ್ಕೋ. ನಂಗೂ ಒಬ್ಳು ಮಗ್ಳವ್ಳೆ. ಬಾಯಿ ವಸಿ ಜೋರು. ಆದ್ರೆ ನನ್ನ ಕೈ ಬಿಡೋಳಲ್ಲ. ಈಗ್ ಬತ್ತಾಳೆ" ಎಂದಳು.

ಬೆಳಿಗ್ಗೆ ಕೊಡವಿದ ಆ ಕೈಯನ್ನು ಹಿಡಿದು ಅಲ್ಲೇ ಕೂತೆ. ಯಜಮಾನರು ಬರುವವರೆಗೂ ಅವಳು ನನಗೆ ನನ್ನ ಬಗ್ಗೆಯೇ ಹೇಳುತ್ತಿದ್ದಳು. ಚಿಕ್ಕವಳಿದ್ದಾಗ ನಾನು ಕೋಡಿಯ ನೀರಿನಲ್ಲಿ ಮೀನು ಹಿಡಿದು ಲಂಗದಲ್ಲಿ ತಂದದ್ದನ್ನು, ಅವಳು ಹೊಡೆದದ್ದನ್ನು, ಆಮೇಲೆ ಸಾರು ಮಾಡಿ ಹಾಕಿದ್ದನ್ನು. ಅದೆಲ್ಲ ನನಗೇ ಮರೆತುಹೋಗಿತ್ತು.

ಪವಾಡವಾಗಿ ಅಮ್ಮ ವಾಸಿಯಾದಳು ಎಂದು ನಾನು ಬರೆಯಲಾರೆ. ಅವಳು ಆ ದಿನದಿಂದ ನನ್ನನ್ನು ಗುರುತು ಹಿಡಿದಿಲ್ಲ. ಈಗ ನಡೆಯುವುದೂ ಇಲ್ಲ, ಗಂಜಿಯನ್ನೂ ಚಮಚದಲ್ಲೇ ಕುಡಿಸಬೇಕು. ಇನ್ನು ಮೇಲಕ್ಕೆ ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ, ನನಗೂ ಗೊತ್ತಿದೆ. ಆದರೆ ನಾನು ಕೇಳಿದ್ದು ಒಂದೇ, ಜೀವಂತ ಕಣ್ಣಿಗೆ ತೋರಿಸು ಎಂದು. ಬೈದು ಕೇಳಿದರೂ ತಾಯಿ ತೋರಿಸಿದಳು. ನಾವು ಮಣ್ಣಿನಲ್ಲಿ ಮುಚ್ಚಿದ ಗಂಗಮ್ಮ ನಮ್ಮಮ್ಮನಿಗೋಸ್ಕರ ಅಷ್ಟು ದೂರದಲ್ಲಿ ಕಣ್ಣಳತೆ ಮೀರಿ ತುಂಬಿ ಕಾದಿದ್ದಳು ಎಂದು ನಾನು ನಂಬಿದ್ದೇನೆ. ಓದಿದವರು ನಗುವುದಾದರೆ ನಗಲಿ. ಶುಕ್ರವಾರ ಶುಕ್ರವಾರ ಆ ರಸ್ತೆಯ ಬದಿಯಲ್ಲಿ ಅರಿಸಿನ ಕುಂಕುಮ ಹಾಕಿ ಬರುತ್ತೇನೆ. ಹೋಗಿಬರುವ ಕ್ಯಾಬಿನವರು ಹಾರ್ನ್ ಹೊಡೆಯುತ್ತಾರೆ, ನಾನು ಅವರಿಗೂ ಬೈಯುತ್ತೇನೆ.

ನಿಮ್ಮ ಮನೆಯಲ್ಲೂ ಇಂಥ ಜೀವವೊಂದಿದ್ದರೆ ಎಲ್ಲಿಗೆ ಹೋಗಬೇಕು ಎಂದು ಮೊದಲು ಅವರನ್ನೇ ಕೇಳಿ. ಆ ತಾಯಿಗೆ ನನ್ನ ಕೋಟಿ ನಮಸ್ಕಾರ.

ದಿನಾ ಸಂಜೆ ಗಂಜಿ ಕುಡಿಸುವಾಗ ಅಮ್ಮ ನನ್ನ ಮುಖ ನೋಡಿ, "ನನ್ನ ಮಗ್ಳು ಬಂದ್ಲಾ?" ಎಂದು ಕೇಳುತ್ತಾಳೆ. "ಬತ್ತಾಳೆ ಕಣಮ್ಮ, ಈಗ್ ಬತ್ತಾಳೆ" ಎನ್ನುತ್ತೇನೆ. ಅವಳು ತಲೆಯಾಡಿಸಿ ಬಾಯಿ ತೆರೆಯುತ್ತಾಳೆ.