ಉತ್ತರ ಸರಿ, ದಾರಿ ಹೇಳಿ

ಗಾಂಧಿಬಜಾರಿನಲ್ಲಿ ಅವರೇಕಾಯಿ ಗುಡ್ಡೆ ಬಿತ್ತೆಂದರೆ ಆ ಸೊಗಡು ಮೂಗಿಗೆ ತಾಗಿದ್ದೇ ತಡ, ಹಸಿವಿಗಿಂತ ಮೊದಲು ನನಗೆ ಸಿಟ್ಟು ಬರುತ್ತದೆ. ಬೇಡದ ಸಿಟ್ಟಲ್ಲ, ತುಪ್ಪ ಹಾಕಿಕೊಂಡು ಉಣ್ಣಬಹುದಾದ ಸಿಟ್ಟು. ಎನ್.ಆರ್. ಕಾಲೋನಿಯ ನಮ್ಮ ಮನೆಯ ಕೆಂಪು ಗಾರೆನೆಲ ನೆನಪಾಗುತ್ತದೆ. ತೊಂಬತ್ತರ ದಶಕದ ಆ ಚಳಿಗಾಲದ ಭಾನುವಾರಗಳಲ್ಲಿ ನಡುಮನೆಗೆ ಹಳೇ ಪೇಪರು ಹಾಸಿ, ನಡುವೆ ಕಾಯಿ ಸುರಿದು, ಸುತ್ತ ನಾವೆಲ್ಲ ಕೂರುತ್ತಿದ್ದೆವು. ಅಜ್ಜ ಗೋಡೆಗೆ ಒರಗಿ, ಅಜ್ಜಿ ಮೊರವನ್ನು ತೊಡೆಗೆ ಆನಿಸಿ, ಅಪ್ಪನ ತಂಗಿ ವಿಮಲತ್ತೆ ಕಿವಿಯ ಹಿಂದೆ ಪೆನ್ಸಿಲು ಸಿಕ್ಕಿಸಿಕೊಂಡು. ಸುಲಿದೂ ಸುಲಿದೂ ಬೆರಳ ತುದಿ ಕಪ್ಪಾಗಿ ಅಂಟಂಟಾಗುತ್ತಿತ್ತು. ಸೋಮವಾರ ಶಾಲೆಯಲ್ಲಿ ಕೈ ಮೂಸಿದರೂ ಭಾನುವಾರದ ವಾಸನೆ. ನಿಮ್ಮ ಮನೆಯಲ್ಲೂ ಹಾಗೇ ಇದ್ದಿರಬೇಕು. ನಮ್ಮಲ್ಲಿ ಕಾಯಿಯ ಜೊತೆಗೆ ಪದಬಂಧವನ್ನೂ ಬಿಡಿಸುತ್ತಿದ್ದೆವು, ಅಷ್ಟೇ ಹೆಚ್ಚು.

ಅತ್ತೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದಳು. ಒಂದು ವಾರಪತ್ರಿಕೆಗೆ ಗೂಢ ಪದಬಂಧ ಕಟ್ಟುತ್ತಿದ್ದಳು. ಸುಳಿವು ಮೇಲೆ ಒಂದು ಹೇಳಿದರೆ ಒಳಗೆ ಇನ್ನೊಂದನ್ನು ಬಚ್ಚಿಟ್ಟುಕೊಂಡಿರುವ ಬಗೆಯದು. ಕಳಿಸುವ ಮೊದಲು ಸುಳಿವುಗಳನ್ನೆಲ್ಲ ನಮ್ಮ ಮೇಲೆ ಪ್ರಯೋಗ ಮಾಡುವಳು. ಅಜ್ಜ ಮಾಡಿದ ಒಂದು ಕಟ್ಟಳೆಯಿತ್ತು: ಉತ್ತರ ಯಾರು ಬೇಕಾದರೂ ಕೂಗಲಿ, ಅದು ಹೇಗೆ ಬಂತೆಂದು ಒಂದೊಂದು ತುಂಡನ್ನೂ ಬಿಡಿಸಿ ಹೇಳುವ ತನಕ ಪೆನ್ಸಿಲು ಕೆಳಗಿಳಿಯುವಂತಿಲ್ಲ. "ಉತ್ತರ ಸರಿ, ದಾರಿ ಹೇಳು" ಎನ್ನುವರು. ಒಮ್ಮೆ ಅತ್ತೆಯೂ ನಾನೂ ಹೂ ಕೊಂಡು ರಸ್ತೆ ದಾಟುವಾಗ ಬಿಳಿ ಕಾರೊಂದು ಮೂಲೆ ತಿರುಗಿ ಮೈಮೇಲೆಯೇ ಬಂದಂತೆ ಬಂತು. ಅತ್ತೆ ಬಳೆಯ ಗುರುತು ಬೀಳುವಷ್ಟು ಬಿಗಿಯಾಗಿ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದುಕೊಂಡಳು. ಕಾರು ಹೋದ ಮೇಲೂ ಬಿಡಲಿಲ್ಲ. ಹಾಗೇ ನಿಂತು, ಉಸಿರು ಹಿಂದಿರುಗಿದ ಮೇಲೆ ನಕ್ಕಳು. ಆ ಭಾನುವಾರ ಸುಳಿವು ಬಂತು: ವಾಹನಕ್ಕೆ ಹೆದರಿ ಚಿಮ್ಮಿದ ನೀರು, ಮೂರಕ್ಷರ. ನಾನು ಕುಣಿದುಬಿಟ್ಟೆ. "ಕಾರಂಜಿ! ಕಾರು, ಅದಕ್ಕೆ ಅಂಜಿ. ಅವತ್ತು ನಾವಿಬ್ರೂ!"

"ಉತ್ತರ ಸಿಕ್ತಲ್ಲ, ಬರ್ಕೊಂಡು ಮುಂದಕ್ಕೆ ಹೋಗ್ರಮ್ಮ. ಅದನ್ನೇನು ಅರೆದು ಅರೆದು ಕುಡೀತೀರಿ" ಎಂದು ಕುರ್ಚಿಯಿಂದ ದನಿ ಬಂತು. ಅದು ಶ್ರೀಪಾದ ಮಾವ. ನನ್ನ ದೊಡ್ಡತ್ತೆಯ ಗಂಡ; ಆಕೆ ತೀರಿಕೊಂಡ ಮೇಲೂ ಭಾನುವಾರ ತಪ್ಪಿಸಿದವರಲ್ಲ. ಅಳಿಯ ಎಂದು ಮನೆಯ ಒಂದೇ ಬೆತ್ತದ ಕುರ್ಚಿ ಅವರಿಗೆ. ಒಂದು ಕಾಯಿ ಸುಲಿದದ್ದನ್ನು ನಾನು ಕಾಣೆ. ಅವರೇಕಾಳಿನ ಉಪ್ಪಿಟ್ಟು ಎರಡನೇ ಸಲ ಹಾಕಿಸಿಕೊಂಡದ್ದನ್ನು ಕಂಡಿದ್ದೇನೆ. ದಾರಿ ಹೇಳುವ ಹೊತ್ತಿಗೆ ಸರಿಯಾಗಿ ಅವರಿಗೆ ಜೋಂಪು ಹತ್ತುತ್ತಿತ್ತು. ಅವರ ಬ್ಯಾಂಕು ಅವೆನ್ಯೂ ರಸ್ತೆಯಲ್ಲಿ, ಪತ್ರಿಕೆಯ ಕಚೇರಿ ಅದರ ಪಕ್ಕದ ಓಣಿಯಲ್ಲಿ. "ನೀನ್ಯಾಕೆ ಅಲ್ಲೀತನಕ ಅಲೀತೀಯ ವಿಮಲಾ, ನಾನು ಕೊಟ್ಟು ಬರ್ತೀನಿ ಕೊಡು" ಎಂದು ಅತ್ತೆಯ ಪದಬಂಧಗಳನ್ನು ಅವರೇ ಒಯ್ಯುತ್ತಿದ್ದರು. ಪತ್ರಿಕೆಯವರು ಪದಬಂಧ ಕಟ್ಟಿದವರ ಹೆಸರು ಹಾಕುತ್ತಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲ.

ಒಂದು ಸಂಕ್ರಾಂತಿಗೆ ಮುಂಚೆ ಕಾಲೋನಿಯ ಸಂಘದವರು ಅತ್ತೆಯನ್ನು ಹುಡುಕಿಕೊಂಡು ಬಂದರು. ಪ್ರಸಿದ್ಧ ಪದಬಂಧಕಾರ ಶ್ರೀಪಾದರಾಯರಿಗೆ ಸನ್ಮಾನವಂತೆ, ಪತ್ರಿಕೆಯ ಸಂಪಾದಕರೂ ಬರುತ್ತಾರಂತೆ. "ನೀವು ಅವರ ನಾದಿನಿ, ಮೇಡಂ. ಅಭಿನಂದನೆ ಮಾತು ನೀವೇ ಆಡ್ಬೇಕು ಅಂತ ರಾಯರೇ ಹೇಳಿ ಕಳ್ಸಿದಾರೆ." ನೋಡಿ, ಆ ಮನುಷ್ಯನ ಧೈರ್ಯ! ಮನೆ ಅಳಿಯನ ಮಾನ ಈ ಮನೆಯವರು ಕಳೆಯುವುದಿಲ್ಲ ಎಂಬ ಧೈರ್ಯ. ಸಂಘದವರು ಹೋದ ಮೇಲೆ ಅಜ್ಜ ಬಹಳ ಹೊತ್ತು ಕೈಯಲ್ಲಿದ್ದ ಒಂದೇ ಕಾಯಿಯನ್ನು ಸುಲಿಯುತ್ತ ಕೂತಿದ್ದರು. "ಅಳಿಯ ಕಣಮ್ಮ. ನಾಲ್ಕು ಜನರ ಮುಂದೆ ಬೇಡ" ಎಂದರು. "ಒಂದು ಮಾತೂ ಅನ್ನಲ್ಲಪ್ಪ. ನೀವು ಕಲಿಸಿದ್ದು ಕೇಳ್ತೀನಿ, ಅಷ್ಟೆ" ಎಂದಳು ಅತ್ತೆ. ಅಜ್ಜಿ ಮೊರದಲ್ಲಿ ಕಾಳು ಕೇರುತ್ತ, "ಒಳ್ಳೇ ಸೀರೆ ಉಟ್ಕೊಂಡು ಹೋಗು" ಎಂದಳು.

ಹಬ್ಬದ ಸಂಜೆ ಅತ್ತೆ ಮೆಂತ್ಯದ ಸೊಪ್ಪಿನ ಬಣ್ಣದ ಮೈಸೂರು ಸಿಲ್ಕ್ ಉಟ್ಟಳು. ಮಾವನಿಗೆ ಶಾಲು ಹೊದೆಸಿ, ಹಾರ ಹಾಕಿ, ಕೈಗೆ ಹಣ್ಣಿನ ತಟ್ಟೆ ಕೊಟ್ಟ ಮೇಲೆ ಮೈಕು ಹಿಡಿದಳು. "ನಮ್ಮ ಭಾವನವರ ಜಾಣ್ಮೆಯನ್ನ ನಾನು ಹೊಗಳೋದಕ್ಕಿಂತ ಅವರ ಬಾಯಿಂದಲೇ ಕೇಳೋಣ. ಈ ವಾರದ ಅವರ ಸುಳಿವು: ಬೇರೆಯವರಲ್ಲ ಎಂದು ದಾರಿ ನೋಡು, ಚಳಿಗಾಲಕ್ಕೆ ಸುಲಿ. ಐದಕ್ಷರ. ಭಾವ?"

"ಅವರೇಕಾಯಿ!" ಎಂದರು ಮಾವ. ಚಪ್ಪಾಳೆ ಬಿತ್ತು.

"ಉತ್ತರ ಸರಿ. ದಾರಿ ಹೇಳಿ."

"ದಾರಿ ಏನ್ ಬಂತು? ಚಳಿಗಾಲದಲ್ಲಿ ಇನ್ನೇನು, ಹಲಸಿನಕಾಯಿ ಸುಲೀತಾರಾ?" ಜನ ನಕ್ಕರು.

"ಹಾಗಾದ್ರೆ ‘ಬೇರೆಯವರಲ್ಲ’ ಅಂತ ಯಾಕೆ ಹಾಕಿದ್ರಿ ಭಾವ?"

ಮಾವ ತಟ್ಟೆಯಲ್ಲಿದ್ದ ಬಾಳೆಹಣ್ಣು ನೋಡಿದರು. ಅತ್ತೆ ಕಾದಳು, ಓದಿಕೊಂಡು ಬಾರದ ಹುಡುಗರಿಗೆ ಕಾಯುವಂತೆ ಕಾದಳು. ಆಮೇಲೆ ಸಭೆಯ ಕಡೆ ತಿರುಗಿ ಮೆಲ್ಲಗೆ ಬಿಡಿಸಿದಳು. "ಬೇರೆಯವರಲ್ಲ ಅಂದ್ರೆ ಅವರೇ. ದಾರಿ ನೋಡು ಅಂದ್ರೆ ಕಾಯಿ. ಅವರೇ, ಕಾಯಿ." ಹಿಂದಿನ ಸಾಲಿನಿಂದ ಯಾರೋ "ಭಲೇ!" ಎಂದರು. ಮುಂದಿನ ಸುಳಿವಿಗೂ ಮಾವನ ಉತ್ತರ ಸರಿ, ದಾರಿ ಇಲ್ಲ. "ರಾಯರೇ, ಇದಾದ್ರೂ ನೀವೇ ಹೇಳಿ ಸಾರ್!" ಎಂದು ಹುಡುಗರು ಕೂಗತೊಡಗಿದರು. ಅತ್ತೆ ಅಡ್ಡ ಸಾಲು ಮುಗಿಸಿ ಲಂಬ ಸಾಲಿಗೆ ಇಳಿದಳು. ಒಂದು ಆರೋಪವಿಲ್ಲ, ಒಂದು ಏರುದನಿ ಇಲ್ಲ. ಹಾರ, ಶಾಲು, ತಟ್ಟೆ ಸಮೇತ ಬೆವರುತ್ತ ನಿಂತ ಮಾವನನ್ನು ಕೂರಿ ಎಂದೂ ಯಾರೂ ಹೇಳಲಿಲ್ಲ. ನನಗೆ ಎಳ್ಳು-ಬೆಲ್ಲ ಅಷ್ಟು ರುಚಿಯಾದದ್ದು ಆವತ್ತೊಂದೇ ದಿನ. ಕೊನೆಗೆ ಕಾರಂಜಿಯೊಂದೇ ಉಳಿಯಿತು. "ಇದನ್ನ ನಾನು ಹೇಳಲ್ಲ. ಭಾವನವರು ಮನೇಲಿ ಕೂತು ಬಿಡಿಸ್ಲಿ" ಎಂದು ಅತ್ತೆ ಮೈಕು ಇಟ್ಟಳು. ಸಂಪಾದಕರು ಮಾವನನ್ನು ದಾಟಿಕೊಂಡು ಬಂದು, "ಅಮ್ಮಾ, ಮುಂದಿನ ವಾರದ್ದನ್ನ ನೀವೇ ತಂದ್ಕೊಡ್ತೀರಾ?" ಎಂದು ಕೇಳಿದರು. ಆಮೇಲೆ ಚೌಕಗಳ ಕೆಳಗೆ ‘ವಿಮಲಾ’ ಎಂದು ಅಚ್ಚಾಗತೊಡಗಿತು. ಬೆತ್ತದ ಕುರ್ಚಿಯಲ್ಲಿ ಬೆಕ್ಕು ಮಲಗತೊಡಗಿತು.

ಎಲ್ಲ ಹೋಯಿತು. ಅಜ್ಜ, ಅಜ್ಜಿ, ಪತ್ರಿಕೆ, ಗಾರೆನೆಲ. ಅತ್ತೆಯೂ ಹೋದಳು. ವೈಕುಂಠ ಸಮಾರಾಧನೆಯ ದಿನ ಮತ್ತಿಕೆರೆಯಿಂದ ಮಾವ ಬಂದರು. ಬಹಳ ಮುದುಕರಾಗಿದ್ದರು, ಕೈಯಲ್ಲಿ ಕೋಲಿತ್ತು. ಊಟವಾದ ಮೇಲೆ ನನ್ನ ಪಕ್ಕ ಕೂತು, ಗೋಡೆಯ ಮೇಲಿನ ಅತ್ತೆಯ ಫೋಟೋ ನೋಡುತ್ತ ಕೇಳಿದರು: "ಆ ಕಾರಂಜಿ ಒಂದು ಹೇಗೆ ಅಂತ ನಂಗೆ ಇವತ್ತಿಗೂ ಹೊಳೀಲಿಲ್ಲಮ್ಮ. ಅವಳು ನಿನಗೇನಾದ್ರೂ ಹೇಳಿದ್ಲಾ?"

ನಾನು ಎದ್ದು ಕಾಫಿ ತಂದುಕೊಟ್ಟೆ. ಸಕ್ಕರೆ ಅವರಿಗೆ ಬೇಕಾದಷ್ಟೇ ಹಾಕಿದ್ದೆ.

"ಅವತ್ತು ನೀವೂ ಅಲ್ಲೇ ಇದ್ರಿ ಮಾವ, ಕುರ್ಚಿಯಲ್ಲಿ" ಎಂದೆ. ಅಷ್ಟೇ ಹೇಳಿದೆ. ಅವರು ಲೋಟ ಹಿಡಿದುಕೊಂಡು ನೆನಪು ಮಾಡಿಕೊಳ್ಳುತ್ತ ಕೂತರು. ಬಿಡಿಸಿ ಹೇಳಲು ಎಷ್ಟು ಹೊತ್ತು ಬೇಕಿತ್ತು? ಆದರೆ ಆ ದಾರಿಯಲ್ಲಿ ಅತ್ತೆ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಾಳೆ. ಅಲ್ಲಿಗೆ ಅವರನ್ನು ನಾನು ಕರೆದೊಯ್ಯಲಾರೆ.