ಒಳ್ಳೆ ಕೇಸು ಮುನಿತಾಯಮ್ಮ

ಸೂಲಿಬೆಲೆ ಹೋಬಳಿಯ ನಮ್ಮೂರಿನಿಂದ ಮೆಡಿಕಲ್ ಕಾಲೇಜಿನ ಮೆಟ್ಟಿಲು ಹತ್ತಿದವರು ಒಬ್ಬರೇ, ನಮ್ಮ ಬೀದಿಯ ಮುನಿತಾಯಮ್ಮ. ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಆ ಏದುಸಿರೇ ಅವರಿಗೆ ಅಲ್ಲಿ ಸೀಟು ಕೊಡಿಸಿದ್ದು.

ಅವರಿಗೆ ಐವತ್ತೆರಡು ವರ್ಷ. ಎರಡು ಸೀಮೆ ಹಸು ಕಟ್ಟಿಕೊಂಡಿದ್ದಾರೆ. ಅವರ ಮನೆಯ ಬಾಗಿಲಿನಿಂದ ಹಾಲಿನ ಡೈರಿಗೆ ಇನ್ನೂರ ಹದಿನೆಂಟು ಹೆಜ್ಜೆ. ಎರಡು ಸಲ ಎಣಿಸಿ ನೋಡಿದ್ದೇನೆ. ಅಷ್ಟು ದೂರಕ್ಕೆ ಅವರು ನಾಲ್ಕು ಸಲ ಕ್ಯಾನು ಕೆಳಗಿಟ್ಟು ನಿಲ್ಲುತ್ತಿದ್ದರು. ಅವರು ತಲುಪುವುದರೊಳಗೆ ಡೈರಿಯ ಪಿಳ್ಳಣ್ಣ ಅರ್ಧ ಊರಿನ ಹಾಲಿಗೆ ಡಿಗ್ರಿ ನೋಡಿ, ಅಳೆದು ಮುಗಿಸಿರುತ್ತಿದ್ದ.

“ಏನಕ್ಕಾ, ಡಾಕ್ಟ್ರುಗಳಿಗೇ ಪಾಠ ಹೇಳಿ ಬರ್ತೀಯ. ನಿಂಗ್ಯಾವಾಗ ಡಿಗ್ರಿ ಕೊಡೋದು?”

“ಲೇ ಪಿಳ್ಳ, ನೀನು ನನ್ನ ಹಾಲಿಗೆ ಸರ್ಯಾಗಿ ಡಿಗ್ರಿ ಕೊಡು ಸಾಕು.”

ಪಾಠದ ಮಾತು ಸುಳ್ಳಲ್ಲ. ಮುನಿತಾಯಮ್ಮನ ಹೃದಯದೊಳಗೆ ಒಂದು ಕವಾಟ ಪೂರ್ತಿ ತೆರೆಯುವುದಿಲ್ಲ. ರಕ್ತ ಆ ಸಂದಿಯಲ್ಲಿ ನುಸುಳುವಾಗ ಒಂದು ಸಣ್ಣ ಗುರುಗುರು ಸದ್ದಾಗುತ್ತದೆ, ಮೂರು ಮನೆ ಆಚೆ ಯಾರೋ ರಾಗಿ ಬೀಸಿದ ಹಾಗೆ. ವೈದ್ಯರಾಗಲು ಓದುವವರು ಪರೀಕ್ಷೆಯಲ್ಲಿ ಇಂಥ ಸದ್ದನ್ನು ಕೇಳಿ ಗುರುತಿಸಬೇಕು. ಅದಕ್ಕಾಗಿ ಮಂಚದ ಮೇಲೆ ಮಲಗಿಸುವ ರೋಗಿಗೆ ಕಾಲೇಜಿನಲ್ಲಿ ಕೇಸ್ ಎನ್ನುತ್ತಾರೆ. ಸದ್ದು ಚೆನ್ನಾಗಿದ್ದರೆ ಒಳ್ಳೆ ಕೇಸ್. ಮುನಿತಾಯಮ್ಮನನ್ನು ಪ್ರೊಫೆಸರ್ ಡಾಕ್ಟರ್ ವೇಣುಗೋಪಾಲ್ ಅವರು ಹತ್ತು ಜನರೆದುರು ಬ್ಯೂಟಿಫುಲ್ ಕೇಸ್ ಎಂದಿದ್ದರು.

“ನಮ್ಮನೆಯವ್ರು ಬದುಕಿದ್ದಾಗ್ಲೂ ಬಾಯಲ್ಲಿ ಆ ಮಾತು ಬರ್ಲಿಲ್ಲ ಕಣೆ,” ಎಂದು ನನ್ನ ಹತ್ತಿರ ಹೇಳಿಕೊಂಡು ನಕ್ಕಿದ್ದರು.

ಆರು ವರ್ಷ ಮಲಗಿ ಮಲಗಿ ಅವರಿಗೆ ಪಾಠವೆಲ್ಲ ಬಾಯಿಗೆ ಬಂದಿತ್ತು. ಪರೀಕ್ಷೆಯ ದಿನ ಹೆದರಿಕೊಂಡು ಬಂದ ಮಕ್ಕಳನ್ನು ನೋಡಿದರೆ ಅವರಿಗೆ ಸುಮ್ಮನೆ ಮಲಗಿರಲು ಆಗುತ್ತಿರಲಿಲ್ಲ. ಮೇಷ್ಟ್ರು ಆಚೆ ತಿರುಗಿದ ಕೂಡಲೇ ಪಿಸುಗುಡುತ್ತಿದ್ದರು. “ಯಾಕ್ ಮಗಾ ಹಿಂಗ್ ಬೆವರ್ತೀಯ? ನಂದು ಮೈಟ್ರಲ್ ಸ್ಟೆನೋಸಿಸ್ಸು. ಎಡಮಗ್ಗುಲಿಗೆ ತಿರುಗ್ಸು. ಸ್ಟೆತಸ್ಕೋಪಿಂದು ಅಗಲದ ಕಡೆ ಬೇಡ, ಆ ಚಿಕ್ಕ ಬಟ್ಟಲಿನಂಗಿರೋ ಕಡೆ ಇಡು. ಕೇಳಿಸ್ದಿದ್ರೂ ತಲೆ ಆಡ್ಸು.” ಹಾಗೆ ತಲೆ ಆಡಿಸಿದವರು ಈಗ ನಾಲ್ಕಾರು ಊರುಗಳಲ್ಲಿ ಬೋರ್ಡು ಹಾಕಿಕೊಂಡಿದ್ದಾರೆ.

ಮೂರು ವರ್ಷದ ಹಿಂದೆ ಕವಾಟಕ್ಕೆ ಬಲೂನು ಹಾಕಿ ಅಗಲ ಮಾಡಬೇಕು ಎಂದು ಹೃದಯದ ಡಾಕ್ಟರು ಹೇಳಿದರು. ತೊಡೆಯ ಸಂದಿನಿಂದ ತಂತಿ ಬಿಟ್ಟು ಮಾಡುವುದು, ಎದೆ ಕೊಯ್ಯುವುದಿಲ್ಲ. ಅದಕ್ಕೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಬೇಕು, ಹೋಗಲು ವೇಣುಗೋಪಾಲ್ ಅವರ ಚೀಟಿ ಬೇಕು, ಸ್ಕ್ಯಾನಿಂಗಿನ ಫೈಲೂ ಬೇಕು. ಫೈಲು ಅವರ ಬೀರುವಿನಲ್ಲಿತ್ತು. ಅದರ ಮೇಲೆ ‘ಬೋಧನೆಗಾಗಿ’ ಎಂದು ಬರೆದಿತ್ತು.

“ಈ ಪರೀಕ್ಷೆ ಒಂದು ಮುಗೀಲಿ ಅಮ್ಮ, ಬರ್ಕೊಡ್ತೀನಿ,” ಎಂದರು ಪ್ರೊಫೆಸರು.

ಪರೀಕ್ಷೆ ಮುಗಿಯಿತು. ಮುಂದಿನ ವರ್ಷ ಇನ್ನೊಂದು ಬಂತು. ಬಲೂನು ಹಾಕಿದರೆ ಕವಾಟ ತೆರೆಯುತ್ತದೆ, ತೆರೆದರೆ ಸದ್ದು ಹೋಗುತ್ತದೆ, ಸದ್ದು ಹೋದರೆ ಕೇಸು ಹೋಗುತ್ತದೆ. ಮುನಿತಾಯಮ್ಮನಿಗೆ ಇದು ಅರ್ಥವಾಗಲು ಮೂರು ಪರೀಕ್ಷೆ ಬೇಕಾಯಿತು. ಅಷ್ಟರಲ್ಲಿ ಡೈರಿ ದಾರಿಯಲ್ಲಿ ಎರಡು ಸಲ ನಿಲ್ಲುತ್ತಿದ್ದವರು ನಾಲ್ಕು ಸಲ ನಿಲ್ಲುವಂತಾಗಿದ್ದರು.

ಹೀಗಿರುವಾಗ ವೇಣುಗೋಪಾಲ್ ಅವರು ಸಂಶೋಧನೆಗೆ ಇಳಿದರು. ವೈದ್ಯಕೀಯ ಶಿಕ್ಷಣದಲ್ಲಿ ಡಿಜಿಟಲ್ ಬೋಧನೆಯ ಬಗ್ಗೆ ಪ್ರಪಂಚದಲ್ಲಿ ಎಷ್ಟು ಪ್ರಬಂಧಗಳು ಬಂದಿವೆ ಎಂದು ಮೊದಲು ಎಣಿಸಿದರು. ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ ಎಂದು ಗೊತ್ತಾಯಿತು. ಅದನ್ನೇ ಒಂದು ಪ್ರಬಂಧವಾಗಿ ಬರೆದರು. ಹಾಗಾಗಿ ಇನ್ನೊಂದು ಹೆಚ್ಚಾಯಿತು. ಈ ವಿಷಯದಲ್ಲಿ ಮತ್ತಷ್ಟು ಸಂಶೋಧನೆ ಅಗತ್ಯ ಎಂದು ಅದರ ಕೊನೆಯಲ್ಲಿ ಬರೆದಿದ್ದರಂತೆ. ತಾವು ಬರೆದದ್ದನ್ನು ತಾವೇ ಮೀರಬಾರದಲ್ಲ, ಆ ಮತ್ತಷ್ಟನ್ನೂ ಅವರೇ ಶುರು ಮಾಡಿದರು.

ಮುನಿತಾಯಮ್ಮನ ಎದೆಯ ಸದ್ದನ್ನು ಒಂದು ಮಧ್ಯಾಹ್ನವಿಡೀ ರೆಕಾರ್ಡ್ ಮಾಡಿ ಟ್ಯಾಬಿಗೆ ಹಾಕಿದರು. ಅರವತ್ತು ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದರು. ಮೂವತ್ತು ಜನ ಟ್ಯಾಬಿನಲ್ಲಿ ಕೇಳಬೇಕು, ಮೂವತ್ತು ಜನ ಮುನಿತಾಯಮ್ಮನ ಎದೆಯಲ್ಲೇ ಕೇಳಬೇಕು. ಕೇಳಿ, ರೋಗ ಯಾವುದೆಂದು ಬರೆಯಬೇಕು.

ಟ್ಯಾಬಿನ ಗುಂಪಿನಲ್ಲಿ ಹೊಸಕೋಟೆ ಕಡೆಯ ಕೀರ್ತನ ಎಂಬ ವಿದ್ಯಾರ್ಥಿನಿ ಇದ್ದರು. ಇದನ್ನೆಲ್ಲ ಮುಂದೆ ನಮಗೆ ಹೇಳಿದ್ದು ಅವರೇ. ಇಲ್ಲಿ ಬಂದಿರುವ ವೈದ್ಯಕೀಯ ಪದಗಳನ್ನು ಅವರಿಗೆ ತೋರಿಸಿ ತಿದ್ದಿಸಿದ್ದೇನೆ. ಅಷ್ಟು ತಗ್ಗಿನ ಸದ್ದನ್ನು ಹೊರಡಿಸುವ ಶಕ್ತಿ ಆ ಟ್ಯಾಬಿನ ಸಣ್ಣ ಸ್ಪೀಕರಿಗೆ ಇರಲಿಲ್ಲ. ಆ ಗುಂಪಿಗೆ ಕೇಳಿಸಿದ್ದು ರೆಕಾರ್ಡಿನಲ್ಲಿ ಸೇರಿಕೊಂಡಿದ್ದ ವಾರ್ಡಿನ ಫ್ಯಾನು ಮಾತ್ರ. ಆದರೆ ಟ್ಯಾಬಿನ ತಲೆಯ ಮೇಲೆ ಫೈಲಿನ ಹೆಸರು ಎದ್ದು ಕಾಣುತ್ತಿತ್ತು: ‘ಮೈಟ್ರಲ್ ಸ್ಟೆನೋಸಿಸ್, ಫೈನಲ್, ಟೂ’. ಮೂವತ್ತರಲ್ಲಿ ಇಪ್ಪತ್ತೊಂಬತ್ತು ಜನ ಸರಿ ಬರೆದರು. ತಪ್ಪು ಬರೆದವನು ಅವತ್ತು ಕನ್ನಡಕ ಮರೆತು ಬಂದಿದ್ದನು.

ಮಂಚದ ಗುಂಪಿನಲ್ಲಿ ಎಂದಿನಂತೆ ಮುನಿತಾಯಮ್ಮ ಪಿಸುಗುಟ್ಟಿದರು. ಅಲ್ಲಿಯೂ ಇಪ್ಪತ್ತೊಂಬತ್ತು ಸರಿ. ತಪ್ಪು ಬರೆದವಳಿಗೆ ಕನ್ನಡ ಬರುತ್ತಿರಲಿಲ್ಲ.

ಇಷ್ಟು ಚೆನ್ನಾಗಿ ಹೊಂದಿದ ಫಲಿತಾಂಶವನ್ನು ಪ್ರೊಫೆಸರು ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲವಂತೆ. ಪ್ರಬಂಧ ಅಚ್ಚಾಯಿತು. ಕಾಲೇಜಿನ ಗೇಟಿಗೆ ಮುನಿತಾಯಮ್ಮನ ಫೋಟೋ ಇರುವ ಫ್ಲೆಕ್ಸು ಬಂತು. ಗುರುತು ಸಿಗಬಾರದೆಂದು ಕಣ್ಣಿಗೆ ಕಪ್ಪು ಪಟ್ಟಿ ಬಳಿದು, ಕೆಳಗೆ ‘ಸೂಲಿಬೆಲೆಯ ಮುನಿತಾಯಮ್ಮ ಅವರಿಗೆ ಸನ್ಮಾನ’ ಎಂದು ದಪ್ಪಕ್ಷರದಲ್ಲಿ ಹಾಕಿದ್ದರು.

ಸನ್ಮಾನದ ಹಿಂದಿನ ದಿನ ಕೀರ್ತನ ಮುನಿತಾಯಮ್ಮನ ಮನೆಗೆ ಬಂದು ಆ ಪ್ರಬಂಧದ ಕೊನೆಯ ಭಾಗವನ್ನು ಕನ್ನಡ ಮಾಡಿ ಓದಿ ಹೇಳಿದರು. “ಡಿಜಿಟಲ್ ವಿಧಾನ ಜೀವಂತ ರೋಗಿಗೆ ಸಮ. ಇನ್ನು ಮುಂದೆ ಬೋಧನೆಗಾಗಲಿ ಪರೀಕ್ಷೆಗಾಗಲಿ ಜೀವಂತ ರೋಗಿಯ ಅಗತ್ಯವಿಲ್ಲ.”

ಹಸುವಿಗೆ ಬೂಸಾ ಕಲಸುತ್ತಿದ್ದ ಮುನಿತಾಯಮ್ಮ ಕೈ ನಿಲ್ಲಿಸಿದರು. “ಆ ಕೊನೇದನ್ನ ಇನ್ನೊಂದ್ಸಲ ಓದವ್ವ.”

ಕೀರ್ತನ ಓದಿದರು. ಮುನಿತಾಯಮ್ಮ ಮೂರನೇ ಸಲವೂ ಓದಿಸಿದರು.

ಸನ್ಮಾನಕ್ಕೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಬೆಂಗಳೂರಿನಿಂದ ಒಬ್ಬರು ದೊಡ್ಡ ಡಾಕ್ಟರು ಮುಖ್ಯ ಅತಿಥಿಯಾಗಿ ಬಂದಿದ್ದರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೈಕನ್ನು ಮುನಿತಾಯಮ್ಮನ ಬಾಯಿಗೆ ಹಿಡಿದರು.

“ಡಿಜಿಟಲ್ ಬಗ್ಗೆ ಎರಡು ಮಾತು ಹೇಳಿ ಅಮ್ಮ,” ಎಂದರು ವೇಣುಗೋಪಾಲ್.

“ಸಾರ್, ನಾನಿಲ್ದಿದ್ರೂ ಪಾಠ ನಡೀತದೆ ಅಂತ ಬರ್ದಿದ್ದೀರಂತೆ. ನಿಜಾನಾ?”

“ನಿಜ ಅಮ್ಮ. ಸಾಬೀತಾಗಿದೆ.” ಚಪ್ಪಾಳೆ ಬಿತ್ತು.

“ಪರೀಕ್ಷೆಗೂ ನಾನು ಬ್ಯಾಡ್ವಾ?”

ಪ್ರೊಫೆಸರು ಮುಖ್ಯ ಅತಿಥಿಯ ಮುಖ ನೋಡಿದರು. “ಸಂಶೋಧನೆ ಪ್ರಕಾರ... ಬೇಡ.”

“ಹಂಗಾದ್ರೆ ನನ್ನ ಫೈಲು, ಬಲೂನಿನ ಚೀಟಿ ಕೊಟ್ಬಿಡಿ ಸಾರ್. ಪರೀಕ್ಷೆ ಮುಗೀಲಿ, ಪರೀಕ್ಷೆ ಮುಗೀಲಿ ಅಂತ ಮೂರು ವರ್ಸ ಆಯ್ತು. ಈಗ ನಂದು ಮುಗೀತಲ್ಲ.”

ವೇಣುಗೋಪಾಲ್ ಬಗ್ಗಿ ಮೆಲ್ಲಗೆ, “ಅಮ್ಮ, ಮುಂದಿನ ತಿಂಗಳು ಪರೀಕ್ಷೆ ಇದೆ,” ಎಂದರು. ಮೈಕು ಆನ್ ಇದ್ದುದರಿಂದ ಆ ಮೆಲ್ಲಗೆ ಹೇಳಿದ್ದು ಆಚೆ ವಾಚ್‌ಮನ್ನಿಗೂ ಕೇಳಿಸಿತು.

“ಮುಂದಿನ ತಿಂಗ್ಳು ಮಿಷಿನ್ನನ್ನೇ ಮಲಗ್ಸಿ ಸಾರ್.”

ಇಡೀ ಸಭಾಂಗಣ ನಕ್ಕಿತು. ಮುಖ್ಯ ಅತಿಥಿ ನಗಲಿಲ್ಲ. ಜೇಬಿನಿಂದ ತಮ್ಮ ಪೆನ್ನು ತೆಗೆದು ಕೊಟ್ಟರು. “ಬರ್ಕೊಡಿ ವೇಣುಗೋಪಾಲ್. ನಿಮ್ಮ ಸಂಶೋಧನೆಯಿಂದ ಒಬ್ಬರಿಗಾದ್ರೂ ಉಪಯೋಗ ಆಗ್ಲಿ.”

ಒಂದೋ ಪ್ರಬಂಧ ಸುಳ್ಳು ಎನ್ನಬೇಕು, ಇಲ್ಲವೇ ಚೀಟಿ ಬರೆಯಬೇಕು. ಪ್ರೊಫೆಸರು ಪ್ರಬಂಧವನ್ನು ಉಳಿಸಿಕೊಂಡರು. ಸನ್ಮಾನ ಪತ್ರದ ಬೆನ್ನಿನ ಮೇಲೆಯೇ ಚೀಟಿ ಬರೆದು ಸಹಿ ಮಾಡಿದರು. ಬೀರುವಿನಿಂದ ಫೈಲು ಬಂತು. ಮುನಿತಾಯಮ್ಮ ಶಾಲನ್ನೂ ಬಿಟ್ಟು ಬರಲಿಲ್ಲ. ಕರು ಹಾಕಿದ ಹಸುವಿಗೆ ರಾತ್ರಿ ಹೊದಿಸಲು ಆಗುತ್ತದೆ ಎಂದರು.

ಎರಡು ವಾರದಲ್ಲಿ ಬಲೂನು ಹಾಕಿದರು. ಕವಾಟ ತೆರೆಯಿತು. ಕೀರ್ತನ ಮನೆಗೆ ಬಂದು, ಎಡಮಗ್ಗುಲಿಗೆ ತಿರುಗಿಸಿ, ಸ್ಟೆತಸ್ಕೋಪಿನ ಚಿಕ್ಕ ಬಟ್ಟಲಿನ ಕಡೆ ಇಟ್ಟು ಬಹಳ ಹೊತ್ತು ಕೇಳಿದರು. ಸದ್ದು ಇರಲಿಲ್ಲ.

ಪರೀಕ್ಷೆ ಬಂದಾಗ ಹೊರಗಿನ ಪರೀಕ್ಷಕರು ಟ್ಯಾಬು ಒಪ್ಪಲಿಲ್ಲ, ಜೀವಂತ ರೋಗಿಯೇ ಬೇಕು ಎಂದರು. ವೇಣುಗೋಪಾಲ್ ಅವರೇ ಫೋನು ಮಾಡಿದರು. “ಸುಮ್ನೆ ಬಂದು ಮಲಗಿದ್ರೆ ಸಾಕಮ್ಮ.” ಮಕ್ಕಳನ್ನು ನೋಡಿಕೊಂಡು ಬರೋಣ ಎಂದು ಮುನಿತಾಯಮ್ಮ ಹೋದರು. ಮಂಚಕ್ಕೆ ಹಳೆಯ ಕೇಸ್ ಶೀಟನ್ನೇ ಕಟ್ಟಿದ್ದರು.

ಅಂಜನ್ ಎಂಬ ಹುಡುಗ ಸ್ಟೆತಸ್ಕೋಪ್ ಇಟ್ಟ. ಮುನಿತಾಯಮ್ಮ ಪಿಸುಗುಟ್ಟಿದರು. “ಅಪ್ಪಾ, ಅದನ್ನ ತೆಗ್ಸಾಯ್ತು. ಈಗ ಏನೂ ಇಲ್ಲ.”

“ಸುಮ್ನಿರಿ ಅಮ್ಮ, ನಿಮ್ದನ್ನ ಟ್ಯಾಬಲ್ಲಿ ನೂರು ಸಲ ಕೇಳಿದ್ದೀನಿ,” ಎಂದವನೇ ಪರೀಕ್ಷಕರ ಮುಂದೆ ಆ ಸದ್ದು ಎಲ್ಲಿ ಶುರುವಾಗುತ್ತದೆ, ಎಲ್ಲಿ ಏರುತ್ತದೆ ಎಂದು ತಪ್ಪಿಲ್ಲದೆ ಒಪ್ಪಿಸಿದ. ಪರೀಕ್ಷಕರು ತಾವೂ ಬಗ್ಗಿ ಕೇಳಿದರು. ಮಂಚದ ಶೀಟು ನೋಡಿದರು. ಮತ್ತೆ ಕೇಳಿದರು.

“ಬ್ಯೂಟಿಫುಲ್,” ಎಂದರು.

ಮುನಿತಾಯಮ್ಮ ಸೆರಗು ಸರಿಮಾಡಿಕೊಂಡು ಎದ್ದರು. ಇನ್ನೂ ನಾಲ್ಕು ವಿದ್ಯಾರ್ಥಿಗಳು ಬಾಕಿ ಇದ್ದಾರೆ ಎಂದರು ಪ್ರೊಫೆಸರು. “ಹಾಲಿನ ಹೊತ್ತಾಯ್ತು ಸಾರ್. ಇಲ್ದಿರೋದನ್ನ ಕೇಳೋಕೆ ನಾನ್ಯಾಕೆ?” ಎಂದು ಇವರು ಮೂರನೇ ಮಹಡಿಯಿಂದ ಇಳಿದು ಬಸ್ಸು ಹಿಡಿದರು.

ಸಂಜೆ ಅವರು ಕ್ಯಾನು ಹೊತ್ತು ಹೊರಟಾಗ ನಾನು ನಮ್ಮ ಜಗುಲಿಯ ಮೇಲಿದ್ದೆ. ಹಳೆಯ ಅಭ್ಯಾಸಕ್ಕೆ ಮೊದಲನೇ ಜಾಗದಲ್ಲಿ, ಮಾರಮ್ಮನ ಗುಡಿ ಮುಂದೆ, ಕಾಲು ಒಂದು ಕ್ಷಣ ನಿಧಾನವಾಯಿತು. ಕ್ಯಾನು ಕೆಳಗಿಳಿಯಲಿಲ್ಲ. ಪಿಳ್ಳಣ್ಣ ಆಗ ತಾನೇ ಡೈರಿಯ ಬಾಗಿಲು ತೆಗೆಯುತ್ತಿದ್ದ.

“ಅಯ್ಯೋ ಅಕ್ಕಾ, ಇನ್ನೂ ಮಿಷಿನ್ ಆನ್ ಮಾಡಿಲ್ಲ, ಇರು!”

“ಬೇಗ ಮಾಡೋ,” ಎಂದರು ಮುನಿತಾಯಮ್ಮ, ಕ್ಯಾನನ್ನು ಸೊಂಟದ ಮೇಲೇ ಇಟ್ಟುಕೊಂಡು.